ಅಗುಳಲ್ಲ, ಮಡಕೆ

ಅಪ್ಪ ಕಲಾಯಿಗಾರ. ಆಪೆನ್ನೈನ್ ಬೆಟ್ಟದ ಒಂದೊಂದೇ ಊರು ಹತ್ತಿ
ತಾಮ್ರದ ಕಡಾಯಿಗಳ ಒಳಹೊಟ್ಟೆಗೆ ತವರ ಬಳಿಯುತ್ತಿದ್ದ.
ನವಸಾಗರದ ಹೊಗೆ, ಹತ್ತಿಯ ಉಂಡೆ, ಒಂದು ಕೈಬೀಸು,
ಬೆಳ್ಳಗೆ ಹೊಳೆದದ್ದೇ ಅವನ ಸಹಿ.
ಎಷ್ಟು ದಿನ ಬಾಳುತ್ತೆ ಎಂದು ಕೇಳಿದವರಿಗೆ
"ನೀವು ಕೆರೆಯದಷ್ಟು ದಿನ" ಅನ್ನುತ್ತಿದ್ದ.

ನನ್ನದೂ ಅದೇ ಕಸುಬು, ತಿರುವುಮುರುವು.
ಸರೋವರದ ದಂಡೆಯ ಪ್ರಯೋಗಶಾಲೆಯಲ್ಲಿ ಇಪ್ಪತ್ತಾರು ವರ್ಷ
ಉಕ್ಕಿನ ಬಿಲ್ಲೆಗಳನ್ನು ಕರಗಿದ ಸೀಸದಲ್ಲಿ ಮುಳುಗಿಸಿ
ಏನು ಉಳಿಯಿತು ಎಂದು ನೋಡುವುದು.
ಮುಳುಗಿಸುವುದು ಅಂದೆನೇ?
ಸೀಸದ ಮುಂದೆ ಉಕ್ಕು ಹಗುರ,
ಬಿಟ್ಟರೆ ಬೆಂಡಿನ ಹಾಗೆ ಮೇಲೆದ್ದು ಬರುತ್ತದೆ.
ಕಟ್ಟಿ ಹಿಡಿಯಬೇಕು, ಐನೂರೈವತ್ತು ಡಿಗ್ರಿಯಲ್ಲಿ,
ಎಣ್ಣೆನೀರಿಗೆ ಒಲ್ಲದ ಮಗುವನ್ನು ಹಿಡಿದ ಹಾಗೆ.

ಒಂದು ಚೂರು ತುಕ್ಕು ಬೇಕು. ಹೊಸಬರು ಇದನ್ನು ನಂಬುವುದಿಲ್ಲ.
ಹತ್ತು ಕೋಟಿಯಲ್ಲಿ ಒಂದು ಪಾಲು ಆಮ್ಲಜನಕ ಸೀಸದೊಳಗಿದ್ದರೆ
ಉಕ್ಕಿನ ಮೇಲೆ ಹಾಲಿನ ಕೆನೆಗಿಂತ ತೆಳ್ಳಗೆ ತೊಗಲೊಂದು ಕಟ್ಟುತ್ತದೆ,
ಆ ತೊಗಲೇ ಕಾವಲು.
ಕಡಿಮೆಯಾಯಿತೋ, ಉಕ್ಕು ಬೆತ್ತಲೆ;
ಮೊದಲು ನಿಕ್ಕಲ್ ಎದ್ದು ಹೋಗುತ್ತದೆ, ಹೇಳದೆ ಕೇಳದೆ.
ಹೆಚ್ಚಾಯಿತೋ, ಸೀಸವೇ ಗಸಿಗಟ್ಟಿ ಕೊಳವೆಯ ಗಂಟಲು ಹಿಡಿಯುತ್ತದೆ.
ಫೋಸ್ಕೊ ಇದ್ದಾಗ ಸೆನ್ಸರಿನ ಅಂಕಿ ನೋಡುತ್ತಿರಲಿಲ್ಲ,
ಪಂಪಿನ ಸದ್ದಿಗೆ ಕಿವಿಗೊಟ್ಟು ಹೇಳುತ್ತಿದ್ದ:
"ಇವತ್ತು ಇದಕ್ಕೆ ಉಸಿರು ಸಾಲದು."
ಅವನು ನಿವೃತ್ತನಾದ ಮೇಲೆ ನಾವೆಲ್ಲ ಅಂಕಿಯನ್ನೇ ನೋಡುತ್ತೇವೆ.

ನವೆಂಬರಿನ ಒಂದು ಮಂಗಳವಾರ ಇಪ್ಪತ್ತಮೂರನೇ ಬಿಲ್ಲೆ ಹೊರಬಂತು,
ಎಂಟು ಸಾವಿರ ಗಂಟೆ ಕಳೆದು.
ವಿನೆಗರಿನ ಆಮ್ಲ, ಪೆರಾಕ್ಸೈಡು, ಸ್ಪಿರಿಟ್ಟು ಸಮಸಮ ಬೆರೆಸಿ
ಅಂಟಿದ ಸೀಸ ತೊಳೆದೆ. ಒರೆಸಿದೆ. ತಕ್ಕಡಿಗಿಟ್ಟೆ.
ಒರ್ಸೊಲಾ, ಪಾದುವಾದಿಂದ ಬಂದ ಹೊಸ ಡಾಕ್ಟರು,
ನನ್ನ ಹೆಗಲ ಮೇಲಿಂದ ಬಗ್ಗಿ ಕೂಗಿದಳು:
"ನೀವೆಸ್, ಸೊನ್ನೆ! ಒಂದು ಮಿಲಿಗ್ರಾಂ ಅತ್ತಿತ್ತ ಇಲ್ಲ!"
ಸಂಜೆಗೆ ಯಾರೋ ವೈನ್ ತಂದರು, ಕಾಗದದ ಲೋಟ.
ಗಂಟೆಗಳನ್ನು ಗುಣಿಸಿ ಒಬ್ಬ ನಲವತ್ತು ವರ್ಷ ಮಾಡಿದ.

ನಾನು ಲೋಟ ಕಿಟಕಿಯಲ್ಲಿಟ್ಟೆ.
ಒಂದು ಅಗುಳು ಹಿಚುಕಿದರೆ ಅನ್ನ ಬೆಂದದ್ದು ತಿಳಿಯುತ್ತದೆ, ನಿಜ.
ಮಡಕೆಯದನ್ನು ತಿಳಿಯಲು ಏನು ಹಿಚುಕಬೇಕು?

ನಮ್ಮೂರಲ್ಲಿ ಅರವತ್ತೊಂದು ಮನೆ.
ನಾನು ಹುಟ್ಟಿದಾಗಲೂ ಅಷ್ಟೇ.
ಚೆಸ್ಟ್‌ನಟ್ ಹಿಟ್ಟು ಬೀಸುತ್ತಿದ್ದವನ ಬಾಗಿಲಲ್ಲಿ ಈಗ ಒಳ್ಳೆಯ ಬೀಗವಿದೆ,
ಆಗಸ್ಟಿನಲ್ಲಿ ಎರಡು ವಾರ ತೆರೆಯುವುದು.
ಎಣಿಸಿದರೆ ಲೆಕ್ಕ ಸರಿ.

ಬುಧವಾರ ಬಿಲ್ಲೆಯನ್ನು ರಾಳದಲ್ಲಿ ಕೂರಿಸಿ ಅಡ್ಡ ಕೊಯ್ದೆ,
ನನ್ನ ಮುಖ ಕಾಣುವ ತನಕ ಉಜ್ಜಿದೆ.
ಸೂಕ್ಷ್ಮದರ್ಶಕದಡಿ ಮೂರು ಬದಿ ತೊಗಲು ನೆಟ್ಟಗಿತ್ತು.
ನಾಲ್ಕನೆಯದರಲ್ಲಿ, ತಂತಿ ಒತ್ತಿದ್ದ ಕಡೆ,
ನಿಕ್ಕಲ್ ಬಿಟ್ಟುಹೋದ ಗೂಡುಗಳಲ್ಲೆಲ್ಲ
ಸೀಸ ಬಂದು ಕೂತಿತ್ತು, ಬಾಡಿಗೆ ಕರಾರಿಲ್ಲದೆ.
ಹೋದದ್ದೂ ಬಂದದ್ದೂ ಒಂದೇ ತೂಕ.
ತಕ್ಕಡಿ ಸುಳ್ಳಾಡಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿತ್ತು, ಅಷ್ಟೇ.

ಒರ್ಸೊಲಾ ಬಹಳ ಹೊತ್ತು ಕಣ್ಣು ಎತ್ತಲಿಲ್ಲ.
"ತಂತಿ ಸುತ್ತಿದ್ದು ನಾನೇ," ಅಂದಳು.
ಹೊರಗೆ ಸರೋವರದ ಮೇಲೆ ಮೊದಲ ಹಿಮ ಬೀಳುತ್ತಿತ್ತು,
ಬಿದ್ದಲ್ಲೇ ಕರಗುತ್ತಿತ್ತು.
ನಾನು ದಾಖಲೆ ಪುಸ್ತಕದಲ್ಲಿ ಸೊನ್ನೆಯನ್ನು ಹೊಡೆದುಹಾಕದೆ
ಪಕ್ಕದಲ್ಲಿ ಆ ಚಿತ್ರ ಅಂಟಿಸಿದೆ.

ಇಪ್ಪತ್ತನಾಲ್ಕನೆಯದಕ್ಕೂ ಅವಳೇ ತಂತಿ ಹಿಡಿದಳು.
ಬೆರಳು ನಡುಗುತ್ತಿತ್ತು. "ಎಷ್ಟು ಬಿಗಿ?"
"ತೇಲದಷ್ಟು," ಅಂದೆ.
ಅಪ್ಪನ ದನಿ ನನ್ನ ಬಾಯಲ್ಲಿ ಕೇಳಿ ನಾನೇ ತಿರುಗಿ ನೋಡಿದೆ.