ಕೋಷ್ಟಕ ಮೂರು, ಸಾಲು ಇಪ್ಪತ್ತೇಳು

ಉಣ್ಣೆ ಹಿಡಿಯಲು ಉಣ್ಣೆ ಬಟ್ಟೆಯೇ ಬೇಕು.
ಬಿಳಿಯದು. ಅದನ್ನು ಕೋಲಿಗೆ ಕಟ್ಟಿ
ಹೆರೆಗುಡ್ಡೆಯ ಒಣ ದರಗಿನ ಮೇಲೆ ಎಳೆಯುತ್ತ ಹೋಗುವವನು
ಹಾಲಪ್ಪ, ಇಲಾಖೆಯ ದಿನಗೂಲಿ.
ಮಂಗ ಸತ್ತು ಬಿದ್ದಲ್ಲಿಂದ ಸುತ್ತ ಐವತ್ತು ಮೀಟರು,
ಮೈಗೆ ಡೇಪಾ ಎಣ್ಣೆ, ಬಾಯಲ್ಲಿ ಕವಳ.
ಎಳ್ಳಿಗಿಂತ ಸಣ್ಣ ಮರಿಗಳನ್ನು ಚಿಮಟದಲ್ಲಿ ಎತ್ತಿ
ಸೀಸೆಗೆ ಹಾಕಿ, ತಾರೀಖು ಬರೆದು
ನನಗೆ ತಂದು ಕೊಡುತ್ತಿದ್ದ.

ನಾನು ಸಾಗರದ ಆಸ್ಪತ್ರೆಯ ಲ್ಯಾಬಿನವಳು.
ಜ್ವರದ ತೋಳಿಗೆ ರಬ್ಬರು ಬಿಗಿದು
ಮುಷ್ಟಿ ಮಾಡಿ ಅಂದವಳು,
ಐಸಿನ ಡಬ್ಬಿಯನ್ನು ಶಿವಮೊಗ್ಗದ ಬಸ್ಸಿಗೇರಿಸಿ
ಬಿಸಿಲಿಗಿಡಬೇಡಿ ಮಾರಾಯ್ರೇ
ಅಂತ ಕಂಡಕ್ಟರನ ಬೆನ್ನು ಬಿದ್ದವಳು.
ಮೂರು ಬೇಸಿಗೆ ಹೀಗೇ.

ಆಮೇಲೆ ಪ್ರಬಂಧ ಅಚ್ಚಾಯಿತು, ದೂರದೇಶದ ಜರ್ನಲ್ಲಿನಲ್ಲಿ.
ಸಾರಾಂಶ ಹನ್ನೊಂದು ಸಾಲು ಕಂಡಿತು.
ಕೊನೆಯದರಲ್ಲಿತ್ತು: ಜ್ವರ ಬಿಟ್ಟು ಮತ್ತೆ ಮರುಕಳಿಸುವುದು
ಯಾರಿಗೆ, ಎಷ್ಟನೇ ದಿನ, ನೋಡಿ ಕೋಷ್ಟಕ ಮೂರು.
ಅದರ ಕೆಳಗೆ ಬೀಗದ ಚಿತ್ರ.
ಮೂವತ್ತೊಂಬತ್ತು ಡಾಲರು,
ಒಂದು ದಿನ ಓದುವುದಕ್ಕೆ.

"ನಮ್ ದುಡ್ಡಲ್ಲಿ ಎಷ್ಟಾತು?" ಹಾಲಪ್ಪ ಕೇಳಿದ.
ಹೇಳಿದೆ. ಬೆರಳು ಮಡಚಿ ಎಣಿಸಿದ.
"ಏಳು ದಿನದ ಕೂಲಿ! ನಾ ಹಿಡ್ದ ಉಣ್ಣೆ
ನಾನೇ ದುಡ್ ಕೊಟ್ಟು ಕೊಳ್ಬಕಾ?"
ಇಬ್ಬರೂ ನಕ್ಕೆವು.
ವಾರ್ಡಿನಲ್ಲಿ ಆವತ್ತು ಜ್ವರದವರು ಆರು ಜನ.

ತೆರೆದ ಬಾಗಿಲಲ್ಲೇ ಅಚ್ಚು ಹಾಕಿಸಬಹುದಿತ್ತು,
ಅಂದರು ಶಿವಮೊಗ್ಗದ ಕಾಲೇಜಿನ ನಝೀಮಾ ಮೇಡಂ.
ಆಗ ಓದುವವರಿಗೆ ಪುಕ್ಕಟೆ,
ಬರೆದವರು ಕಟ್ಟಬೇಕು, ಎರಡೂವರೆ ಲಕ್ಷ.
ಬೀಗ ಅದೇ ಕಣೇ,
ಕದದ ಒಳಮಗ್ಗುಲಿಗೆ ತೂಗುತ್ತದೆ ಅಷ್ಟೆ.
ನೀನು ಬರೆದವರಿಗೇ ಒಂದು ಮೇಲ್ ಹಾಕು.
ಕೊಡುತ್ತಾರೆ. ಕೇಳುವವರೇ ಇಲ್ಲ.

ನನ್ನ ಹರಕು ಇಂಗ್ಲಿಷಿಗೆ ಮೂರನೇ ರಾತ್ರಿ ಉತ್ತರ ಬಂತು,
ಜೊತೆಗೆ ಇಡೀ ಪ್ರಬಂಧ. ಒಂದೇ ಸಾಲು:
ಮೊದಲು ನಿಮಗೇ ಕಳಿಸಬೇಕಿತ್ತು.

ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿ, ಹದಿನಾಲ್ಕು ಪುಟ,
ಇಪ್ಪತ್ತೆಂಟು ರೂಪಾಯಿ.
ಕೋಷ್ಟಕ ಮೂರು. ಸಾಲು ಇಪ್ಪತ್ತೇಳು.
ಹೆಣ್ಣು, ಐವತ್ತೆರಡು, ದರಗು ಗುಡಿಸುವಾಕೆ,
ಮರುಜ್ವರ ಹದಿನಾರನೇ ದಿನ.
ಕೊನೆಯ ಕಲಮಿನಲ್ಲಿ: ಮಾಹಿತಿ ಲಭ್ಯವಿಲ್ಲ.

ಲಭ್ಯವಿಲ್ಲವೇ?
ಹಾಲಪ್ಪ ಕವಳ ಉಗಿದು ಬಂದು ಹೇಳಿದ,
"ಸಣ್ಣಮ್ಮ ಅಲ್ದಾ ಅದು? ನಿನ್ನೆ ಸಿಕ್ಕಿದ್ಲಲ,
ಡೈರಿ ಹತ್ರ, ಕ್ಯಾನ್ ಹಿಡ್ಕಂಡು."

ಎರಡು ವರ್ಷ ಆ ಖಾಲಿ ಮನೆ
ಜಗತ್ತಿನ ಲೈಬ್ರರಿಗಳಲ್ಲಿ ಹಾಗೇ ಕೂತಿತ್ತು.
ಓದಗೊಟ್ಟಿದ್ದರೆ
ನಾವು ಆಗಲೇ ತುಂಬಿ ಕೊಡುತ್ತಿದ್ದೆವು.

ಅಂಚಿನಲ್ಲಿ ಬಾಲ್‌ಪೆನ್ನಿನಿಂದ ಬರೆದು
ಫೋಟೋ ತೆಗೆದು ವಾಪಸು ಕಳಿಸಿದೆ:
ಬದುಕಿದ್ದಾರೆ.
ಸಂಜೆಹೊತ್ತು ಕೈ ನಡುಗುತ್ತದೆ.
ಸಾರಿಗೆ ಉಪ್ಪು ಹಾಕುವಾಗ
ಅರ್ಧ ಒಲೆಗೆ ಬೀಳುತ್ತದೆ.