ಎಷ್ಟರಿಂದ ಎಷ್ಟರವರೆಗೆ

ಶಿಡ್ಲಘಟ್ಟದಲ್ಲಿ ಬೆಳಗಾಗುವುದು ಮೂಗಿಗೆ.
ಬೇಯುವ ಗೂಡಿನ ವಾಸನೆ ಮೊದಲು, ಬೆಳಕು ಆಮೇಲೆ.
ಮುನವ್ವರ್‌ಬಿಗೆ ಈಗೀಗ ಮೊದಲನೆಯದಷ್ಟೇ ಪೂರ್ತಿ ಸಿಗುತ್ತದೆ.
ಮೂವತ್ತೊಂದು ವರ್ಷ ಬೇಸಿನ್ನಿನ ಹಬೆಗೆ ಒಡ್ಡಿದ ಕಣ್ಣು;
ಎಂಟು ಗೂಡಿನಲ್ಲಿ ಒಂದರ ಎಳೆ ಮುಗಿದರೆ ಕಾಣುವುದಿಲ್ಲ.
ನೂಲು ಸಣ್ಣಗಾದದ್ದು ತಿಳಿಯುವುದು
ಮಾರುಕಟ್ಟೆಯಲ್ಲಿ ಬೈಸಿಕೊಂಡ ಮೇಲೆ.

"ಕಿವಿ ಇನ್ನೂ ಗಟ್ಟಿ ಇದೆ ಮೇಡಂ," ಅಂದಳು ಒಂದು ಸಲ,
ಸುಮ್ಮನೆ, ಚಹಾ ಸೋಸುತ್ತ.
ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ವೈರು ಎಣಿಸಿಡುವವಳು ನಾನು.
ಅಷ್ಟು ಸಾಕಾಯಿತು ನಿದ್ದೆಗೆಡಲು.

ನೂಲು ಹಾಯುವ ಕಡೆ ಬಿಗಿತ ಅಳೆಯುವ ಒಂದು ಚೂರು.
ಕೀಲು ಮುರಿದ ಲ್ಯಾಪ್‌ಟಾಪು, ಅದರ ಪರದೆಯ ಮೇಲೆ
ಪೆಟ್ಟಿಗೆಗಳು. ಒಂದರ ಹೊಟ್ಟೆಯಿಂದ
ಇನ್ನೊಂದರ ನೆತ್ತಿಗೆ ಎಳೆದ ದಾರ.
ಬರೆಯುವುದು ಕಡಿಮೆ ಇಲ್ಲಿ, ಕಟ್ಟುವುದೇ ಹೆಚ್ಚು.
ಮೂಗು ತಾಗುವಷ್ಟು ಹತ್ತಿರ ಬಂದು ನೋಡಿ
"ಇದೂ ನಮ್ಮ ಕಸುಬೇ," ಅಂದಳು.

ಚೂರಿಗೆ ಬರುವ ಎಣಿಕೆ ಸೊನ್ನೆಯಿಂದ ಸಾವಿರದ ಇಪ್ಪತ್ಮೂರು.
ಯಾವ ನೂಲೂ ಅಷ್ಟು ದೂರ ನಡೆಯುವುದಿಲ್ಲ.
ವಾರವಿಡೀ ಕೂತು ಗುರುತು ಹಾಕಿಕೊಂಡೆ:
ಸಡಿಲವೆಂದರೆ ಮುನ್ನೂರ ನಲವತ್ತು,
ಬಿಗಿಯೆಂದರೆ ಆರುನೂರ ಹನ್ನೆರಡು.
ಮಿಕ್ಕದ್ದೆಲ್ಲ ಯಾರೂ ಒಕ್ಕಲಿಲ್ಲದ ಬೀದಿ.

ಕಿವಿಯ ಲೆಕ್ಕ ಬೇರೆ. ಅದಕ್ಕೆ ಎರಡು ಸ್ಥಾಯಿ,
ಇಪ್ಪತ್ನಾಲ್ಕು ಮೆಟ್ಟಿಲು, ನಲವತ್ತೆಂಟರಿಂದ ಮೇಲಕ್ಕೆ.
ನಮ್ಮಜ್ಜಿ ರಾಗಿಯ ಸೇರನ್ನು ಕೇಜಿಗೆ ತರುತ್ತಿದ್ದಳಲ್ಲ, ಹಾಗೆ:
ಮೊದಲು ಕೆಳಗಿನದನ್ನು ಕಳೆ,
ತಕ್ಕಡಿಯಲ್ಲಿ ಡಬ್ಬಿಯ ತೂಕ ಕಳೆದಂತೆ.
ಉಳಿದದ್ದನ್ನು ಅದರ ಅಗಲಕ್ಕೆ ಭಾಗಿಸು.
ಸೊನ್ನೆಗೂ ಒಂದಕ್ಕೂ ನಡುವೆ ಬಂದು ನಿಲ್ಲುತ್ತದೆ ಆಗ
ಯಾವ ಊರಿನದೂ ಅಲ್ಲದ ಒಂದು ಸಂಖ್ಯೆ,
ಬಸ್‌ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ನಿಂತವರ ಹಾಗೆ.
ಹೊಸ ಅಗಲದಿಂದ ಗುಣಿಸು. ಹೊಸ ನೆಲಕ್ಕೆ ಕೂಡಿಸು.
ನಾಲ್ಕು ಪೆಟ್ಟಿಗೆ, ಅಷ್ಟೆ.

ಮೊದಲ ದಿನ ಕಳೆಯುವುದನ್ನೇ ಮರೆತಿದ್ದೆ.
ನೂಲು ಸೊಳ್ಳೆಯಾಗಿ ಕಿರುಚಿತು,
ಪಕ್ಕದ ಬೇಸಿನ್ನಿನ ಜಬೀನಾ ಕಿವಿ ಮುಚ್ಚಿ ನಕ್ಕಳು.

ಎರಡನೆಯ ದಿನ ಸರಿಹೋಯಿತು.
ಎಂಟು ಏಳಾದಾಗ ಸ್ವರ ಒಂದು ಮೆಟ್ಟಿಲು ಇಳಿಯಿತು;
ಮುನವ್ವರ್‌ಬಿಯ ಕೈ ತಾನೇ ಬಿಸಿನೀರಿಗೆ ಹೋಗಿ
ಹೊಸ ಗೂಡಿನ ತುದಿ ಹಿಡಿದು ತಂದು ಸೇರಿಸಿತು.
ಮುಖ ಮಾತ್ರ ಬಾಗಿಲ ಕಡೆಗಿತ್ತು.

ನಾನು ಜಾಣೆ. ಐದನೆಯದೊಂದು ಪೆಟ್ಟಿಗೆ ಇಟ್ಟಿದ್ದೆ,
ಅಂಕಿ ಹದ್ದು ಮೀರದಂತೆ ಕಾಯುವುದಕ್ಕೆ.
ಎಷ್ಟೇ ಕೆಳಗೆ ಬೀಳಲಿ, ನಲವತ್ತೆಂಟರಲ್ಲಿ ತಡೆದು ನಿಲ್ಲಿಸುವುದು.
ಶುಕ್ರವಾರ ನೂಲು ಹರಿಯಿತು.
ಲ್ಯಾಪ್‌ಟಾಪು ಕೆಳಗಿನ ಷಡ್ಜವನ್ನೇ ಹಿಡಿದು ಗುನುಗುತ್ತಿತ್ತು,
ಮನೆಯಲ್ಲಿ ಏನೂ ಆಗಿಲ್ಲವೆನ್ನುವ ಮರ್ಯಾದಸ್ಥರ ಹಾಗೆ.
ರಾಟೆ ಖಾಲಿ ತಿರುಗಿತು, ಎಷ್ಟೋ ಹೊತ್ತು.

"ಸಡಿಲಾಗಿದ್ದಕ್ಕೂ ಹರಿದದ್ದಕ್ಕೂ
ಒಂದೇ ಸ್ವರ ಕೊಟ್ಟಿದ್ದೀರಲ್ಲ ಮೇಡಂ."
ಸಿಟ್ಟಿರಲಿಲ್ಲ ದನಿಯಲ್ಲಿ.
"ಸಡಿಲಾದರೆ ಬೆರಳು ಸಾಕು. ಹರಿದರೆ ರಾಟೆ ನಿಲ್ಲಿಸಬೇಕು."

ರಾತ್ರಿ ಐದನೆಯ ಪೆಟ್ಟಿಗೆಯ ದಾರ ಕಿತ್ತೆ.

ಸೋಮವಾರ ಮತ್ತೆ ಹರಿದಾಗ ಚೂರು ಹನ್ನೊಂದು ಅಂದಿತು.
ಹನ್ನೊಂದು ನನ್ನ ಲೆಕ್ಕದೊಳಗೆ ತಡೆಯಿಲ್ಲದೆ ಉರುಳಿ
ಹತ್ತೊಂಬತ್ತಕ್ಕೆ ಬಿತ್ತು.
ಯಾವ ಗಂಟಲೂ ಇಳಿಯದ ಜಾಗ ಅದು.
ಕೇಳಲು ಏನೂ ಇರಲಿಲ್ಲ.
ಸ್ಪೀಕರಿನ ಕಾಗದ ಮಾತ್ರ ನಡುಗಿತು,
ಅದಕ್ಕೆ ಒರಗಿಸಿಟ್ಟಿದ್ದ ಸ್ಟೀಲಿನ ಲೋಟ
ಕಿಣಿಕಿಣಿ ಅಂದಿತು.

ರಾಟೆ ನಿಂತಿತು.
ಪೊರಕೆಯ ತುದಿಯಿಂದ ನೀರನ್ನು ಕೆದಕುತ್ತ, ಎಳೆ ಹುಡುಕುತ್ತ
ಅವಳಂದಳು:
"ಆ ಲೋಟ ಅಲ್ಲೇ ಇರಲಿ. ಚಹಾ ಬೇರೆಯದರಲ್ಲಿ ಕುಡೀರಿ."