ಬಾಲಗಳ ಆಲ್ಬಮ್

ಸ್ವಾನೇಜಿನ ಹಡಗುಕಟ್ಟೆಯ ಹಿಂದಿನ ಓಣಿಯಲ್ಲಿ
ಡೆನ್ಜಿಲ್‌ನ ಅಂಗಡಿ. ಗಾಜಿನ ಮೇಲೆ
ಎರಡು ಕ್ಯಾಮೆರಾ,
ಹೆಣ್ಣು ನೋಡಲು ಬಂದವರ ಮುಂದೆ
ಉಪ್ಪಿಟ್ಟಿನ ತಟ್ಟೆ ಇಟ್ಟ ಹಾಗೆ.
ಯಾವುದಕ್ಕೂ ಕೈ ಹಾಕದೆ
ಮೊದಲು ಬೆಲೆಯ ಚೀಟಿ ಮಗುಚಿ ನೋಡಿದೆ.

ಒಂದು ಕೆಂಪು, ಗಿಡ್ಡ, ಸೋಪಿನ ಡಬ್ಬಿಯಷ್ಟು.
ಹದಿನೈದು ಮೀಟರಿನವರೆಗೆ ಬರಿಮೈಯಲ್ಲೇ ಇಳಿಯುತ್ತದಂತೆ.
ಇನ್ನೊಂದು ಕಪ್ಪು. ಕಣ್ಣು ದೊಡ್ಡದು,
ಮಬ್ಬಿನಲ್ಲೂ ಮೀನಿನ ಹುರುಪೆ ಎಣಿಸುತ್ತದಂತೆ;
ಆದರೆ ನೀರೆಂದರೆ ಹೆದರಿಕೆ,
ಸುತ್ತ ಪ್ಲಾಸ್ಟಿಕ್ಕಿನ ಕೋಟೆ ಕಟ್ಟಿಸಬೇಕು,
ಕೋಟೆಯ ಬೆಲೆ ರಾಜನಿಗಿಂತ ಹೆಚ್ಚು.

ನನ್ನ ಹಳೆಯದಕ್ಕೂ ಕೋಟೆಯಿತ್ತು, ಡೆನ್ಜಿಲ್.
ಬಾಗಿಲಿಗೆ ರಬ್ಬರಿನ ಬಳೆ. ಪ್ರತಿ ಶನಿವಾರ
ಬಸ್ಸನ್ನು ಡಿಪೋಗೆ ಬಿಟ್ಟು ಬಂದು
ಅದಕ್ಕೆ ಜಿಡ್ಡು ಸವರುತ್ತಿದ್ದೆ,
ಕೂಸಿನ ನೆತ್ತಿಗೆ ಎಣ್ಣೆ ತಟ್ಟಿದ ಹಾಗೆ.
ಆದರೂ ಒಂದು ದಿನ
ಒಂದು ಕೂದಲು,
ನನ್ನದೇ, ಅದೂ ನರೆತದ್ದು,
ಬಳೆಯಡಿ ಅಡ್ಡ ಬಿದ್ದು
ಇಡೀ ಇಂಗ್ಲಿಷ್ ಕಾಲುವೆಯನ್ನು ಒಳಗೆ ಕರೆಯಿತು.

ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟೆ ಮೂರು ದಿನ.
ಬದುಕಲಿಲ್ಲ. ಅಕ್ಕಿ ತೊಳೆದು
ಅನ್ನಕ್ಕಿಟ್ಟೆ. ಉಪ್ಪು ಹಾಕುವ
ಕೆಲಸವಿರಲಿಲ್ಲ.

ಹೆಸ್ಟರ್ ಬಂದಿದ್ದಾಳೆ ಜೊತೆಗೆ, ನನ್ನ ನೀರಿನ ಜೋಡಿ,
ಮೂವತ್ತು ವರ್ಷ ಈ ಊರಿಗೆ ಅಂಚೆ ಹಂಚಿದವಳು.
"ಕಪ್ಪು ತಗೋ," ಅನ್ನುತ್ತಾಳೆ,
"ಕೆಂಪಿನದು ಒತ್ತಿದ ಮೇಲೆ ಯೋಚನೆ ಮಾಡುತ್ತದೆ,
ಅಷ್ಟರಲ್ಲಿ ಮೀನು ಪೂಲ್ ಬಂದರು ದಾಟಿರುತ್ತದೆ."
ನಿಜ. ಏಳು ವರ್ಷದ ನನ್ನ ಆಲ್ಬಮ್ಮಿನಲ್ಲಿ
ಬಾಲಗಳೇ ಹೆಚ್ಚು. ಮರಳು, ಗುಳ್ಳೆ,
ಹೆಸ್ಟರಳ ಒಂದು ಮೊಣಕಾಲು,
ಮತ್ತೆ ಬಾಲ.
ಊರಿಗೆ ಕಳಿಸಿದಾಗ ಚಿಕ್ಕಮ್ಮ ಕೇಳಿದ್ದಳು:
"ಅಲ್ಲಿ ಮೀನಿಗೆ ಮುಖ ಇರೂದಿಲ್ಲೇನ?"

ಬಾದಾಮಿ ಕಡೆಯ ಬಾವಿಯಲ್ಲಿ ಈಜು ಕಲಿತವಳು ನಾನು,
ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು,
ಮುಳುಗದಿರಲೆಂದು.
ಈಗ ಸೊಂಟಕ್ಕೆ ಹತ್ತು ಕಿಲೋ ಸೀಸ,
ಮುಳುಗಲೆಂದು.

"ಕೈಗವಸು ಕೊಡು," ಅಂದೆ.
ಐದು ಮಿಲಿಮೀಟರ್ ದಪ್ಪದ ಕರಡಿಯ ಕೈ ತೊಟ್ಟು
ಅಂಗಡಿಯ ನಡುವೆ ಕಣ್ಣು ಮುಚ್ಚಿ ಗುಂಡಿ ಹುಡುಕಿದೆ.
ಕಪ್ಪಿನದರಲ್ಲಿ ಹನ್ನೆರಡು, ಎಲ್ಲ ಒಂದೇ ತಾಯಿಯ ಮಕ್ಕಳು;
ಚಿತ್ರ ತೆಗೆಯಹೋಗಿ ಭಾಷೆ ಬದಲಾಯಿಸಿದೆ,
ಜಪಾನಿಯಲ್ಲಿ ಅದೇನೋ ಕೇಳಿತು.
ಕೆಂಪಿನದರ ನೆತ್ತಿಯ ಮೇಲೆ ಒಂದು ದಪ್ಪ ಗುಂಡಿ,
ಕರಡಿಗೆಂದೇ ಮಾಡಿದ್ದು.

"ಉಳಿದ ದುಡ್ಡಿಗೆ ಟಾರ್ಚು ತಗೋ," ಅಂದ ಡೆನ್ಜಿಲ್.
"ನೀರಿನಲ್ಲಿ ಮೊದಲು ಸಾಯುವುದು ಕೆಂಪು.
ದೀಪ ಹಿಡಿದರೆ ಎದ್ದು ಕೂರುತ್ತದೆ."

ಭಾನುವಾರ. ಕಟ್ಟೆಯ ಕೆಳಗೆ ನಾಲ್ಕು ಮೀಟರು,
ಹನ್ನೆರಡು ಡಿಗ್ರಿ. ಕೊಂಡು ತಂದ ಕೆಂಪು
ಕೈಯಲ್ಲೇ ಕೆಸರಾಗಿತ್ತು.
ಕಂಬದ ಬಿರುಕಿನಲ್ಲಿ ಟಾಮ್‌ಪಾಟ್ ಮೀನು,
ಹಣೆಯ ಮೇಲೆ ಎರಡು ಕವಲುಗೊಂಬು, ದಪ್ಪ ತುಟಿ,
ಸ್ಟಾಪು ಬಿಟ್ಟು ಮುಂದೆ ನಿಲ್ಲಿಸಿದಿರೆಂದು
ಜಗಳಕ್ಕೆ ಬಂದ ಪ್ರಯಾಣಿಕನ ಮುಖ.
ಟಾರ್ಚು ಹಾಕಿದೆ.
ಕಂಬ ಪೂರ್ತಿ ಇಟ್ಟಿಗೆಗೆಂಪು, ಬೆಲ್ಲ, ಅರಿಶಿನ;
ಏಳು ವರ್ಷ ಇದೇ ಕಂಬ ಹಿಡಿದು ಇಳಿದಿದ್ದೆ,
ಬೂದಿಬಣ್ಣದ್ದೆಂದು.
ಒತ್ತಿದೆ. ಕ್ಯಾಮೆರಾ ಯೋಚಿಸಿತು.
ಮೀನೂ ಯೋಚಿಸಿತು.
ಅದು ಮುಗಿಸುವ ಮುನ್ನ ಇದು ಮುಗಿಸಿತು.

ಕೆಂಪಿನದಕ್ಕೂ ಒಂದು ಪುಟ್ಟ ಬಾಗಿಲಿದೆ, ಬ್ಯಾಟರಿಗೆ.
ಅಲ್ಲೂ ಬಳೆ. ರಾತ್ರಿ ತಲೆಗೆ ಸ್ಕಾರ್ಫು ಬಿಗಿದು
ಕೂದಲು ಹುಡುಕುತ್ತಾ ಕೂತಿದ್ದಾಗ
ಚಿಕ್ಕಮ್ಮನ ಉತ್ತರ ಬಂತು:
"ಮುಖ ಅದ.
ಥೇಟ್ ನಿಮ್ಮ ಕಾಕಾನ ಹಂಗ ಅದ."